ಗಾನತಪಸ್ವಿ ಮಲ್ಲಿಕಾರ್ಜುನ ಮನಸೂರರ ಚರಿತ್ರೆಯೂ ತರುಣ ಗಾಯಕರ ಪುರಸ್ಕಾರವೂ

ಲೋಕದಲ್ಲಿ ಕೀರ್ತಿವಂತರಾಗಿ ಬಾಳಿ ಶಿವೈಕ್ಯರಾದವರ ಸ್ಮರಣೆಯನ್ನು ಮಾಡುವ ಬಗೆಗಳು ಹಲವುಂಟು. ಕೆಲವರು ಶಿಲಾಪ್ರತಿಮೆಯನ್ನು ನಿಲ್ಲಿಸುವರು. ಕೆಲವರು ಬೀದಿಗೆ ಹೆಸರಿಡುವರು. ಮತ್ತೆ ಕೆಲವರು ವರ್ಷಕ್ಕೊಮ್ಮೆ ಸಭೆಯನ್ನು ಕೂಡಿಸಿ, ಭಾವಚಿತ್ರಕ್ಕೆ ಹಾರವನ್ನು ಹಾಕಿ, ನಾಲ್ಕು ಮಾತುಗಳಿಂದ ಹೊಗಳಿ ಮನೆಗೆ ತೆರಳುವರು. ಇವೆಲ್ಲವೂ ಭಕ್ತಿಯಿಂದ ಮಾಡಿದಲ್ಲಿ ತಕ್ಕವುಗಳೇ. ಆದರೆ ವಿದ್ಯಾವಂತನ ಸ್ಮರಣೆಯು ಆತನ ವಿದ್ಯೆಯ ಮೂಲಕವಾಗಿಯೇ ನಡೆಯಬೇಕೆಂಬದು ಹಿರಿಯರ ಮತವಾಗಿರುವದು. ಅದರಲ್ಲಿಯೂ ಸಂಗೀತವಿದ್ಯೆಯ ಸ್ಥಿತಿಯು ಇತರ ವಿದ್ಯೆಗಳ ಸ್ಥಿತಿಯಂತಲ್ಲ. ಶಿಲ್ಪಿಯು ತೀರಿದ ಮೇಲೆಯೂ ಆತನು ಕಟೆದ ಮೂರ್ತಿಯು ಗುಡಿಯಲ್ಲಿ ಪೂಜೆಗೊಳ್ಳುತ್ತಿರುವದು. ಕವಿಯು ತೀರಿದ ಮೇಲೆಯೂ ಆತನ ಕಾವ್ಯವು ಓಲೆಯಲ್ಲಿಯೋ ಹಾಳೆಯಲ್ಲಿಯೋ ಉಳಿದಿರುವದು. ಗಾಯಕನ ಕೃತಿಯಾದರೋ ಆತನ ಉಸಿರಿನಲ್ಲಿ ಹುಟ್ಟಿ ಉಸಿರಿನಲ್ಲಿಯೇ ಅಡಗುವದು. ಈ ಕಾಲದ ಧ್ವನಿಮುದ್ರಿಕೆಗಳು ಅದರ ಛಾಯೆಯನ್ನು ಹಿಡಿದಿಡಬಲ್ಲವು; ಆದರೆ ರಾಗವನ್ನು ಮುಂದಕ್ಕೆ ಬೆಳೆಸಲಾರವು. ರಾಗವು ಬದುಕಬೇಕಾದರೆ ಮತ್ತೊಂದು ಎಳೆಯ ಕಂಠವು ಅದನ್ನು ಎತ್ತಿಕೊಳ್ಳಲೇಬೇಕು.

ಧಾರವಾಡದ ಡಾ. ಮಲ್ಲಿಕಾರ್ಜುನ ಮನಸೂರ ರಾಷ್ಟ್ರೀಯ ಸ್ಮಾರಕ ಟ್ರಸ್ಟಿನವರು ಆ ಮಹಾನುಭಾವರ ಹೆಸರಿನಿಂದ ಹಿರಿಯ ಸಂಗೀತಗಾರರಿಗೆ ರಾಷ್ಟ್ರೀಯ ಪುರಸ್ಕಾರವನ್ನು ಕೊಡುವದರೊಡನೆಯೇ ತರುಣ ಕಲಾವಿದರಿಗೆ ಯುವ ಪುರಸ್ಕಾರವನ್ನೂ ಕೊಡುತ್ತ ಬಂದಿರುವದನ್ನು ಅನೇಕ ಸದ್ಭಕ್ತರು ಬಲ್ಲರು. ಹಿರಿಯರಿಗೆ ಮನ್ನಣೆ ಸಲ್ಲುವದು ಸಹಜವು. ಆದರೆ ಇನ್ನೂ ಹಾದಿಯ ಮೊದಲಲ್ಲಿರುವ ತರುಣರಿಗೆ ಇಂಥ ಹಿರಿಯರ ಹೆಸರಿನ ಮನ್ನಣೆಯು ಏತಕ್ಕೆ, ಅವರು ಮಾಡಿದ ಸಾಧನೆಯಾದರೂ ಏನು, ಎಂದು ಕೆಲವರು ಶಂಕಿಸುವದುಂಟು. ಈ ಶಂಕೆಗೆ ಉತ್ತರವು ತರ್ಕದಲ್ಲಿ ದೊರೆಯುವದಕ್ಕಿಂತ ಮನಸೂರರ ಚರಿತ್ರೆಯಲ್ಲಿಯೇ ಸ್ಪಷ್ಟವಾಗಿ ದೊರೆಯುವದು. ಆದುದರಿಂದ ಆ ಚರಿತ್ರೆಯನ್ನು ಭಕ್ತರ ಮುಂದೆ ಸಂಗ್ರಹವಾಗಿ ಇಡುವೆವು.

ಧಾರವಾಡದ ಪಶ್ಚಿಮಕ್ಕೆ ಸಮೀಪದಲ್ಲಿಯೇ ಮನಸೂರೆಂಬ ಗ್ರಾಮವಿರುವದು. ಮಲೆನಾಡಿನ ಅಂಚೂ ಬಯಲುಸೀಮೆಯ ಕರಿಯ ನೆಲವೂ ಕೂಡುವ ಸೀಮೆಯದು. ಈ ಗ್ರಾಮದ ಗೌಡಿಕೆಯನ್ನು ನಡೆಯಿಸುತ್ತ ಒಕ್ಕಲುತನದಿಂದ ಜೀವಿಸುತ್ತಿದ್ದ ಭೀಮರಾಯಪ್ಪನವರೂ ಅವರ ಧರ್ಮಪತ್ನಿಯರಾದ ನೀಲಮ್ಮನವರೂ ಶಿವಭಕ್ತ ದಂಪತಿಗಳಾಗಿದ್ದರು. ಇವರ ಉದರದಲ್ಲಿ 1910ನೆಯ ಇಸವಿಯ ಡಿಸೆಂಬರ 31ನೆಯ ದಿವಸ ನಮ್ಮ ಚರಿತ್ರನಾಯಕರು ಜನಿಸಿದರು. ನಾಲ್ವರು ಸಹೋದರರು, ಮೂವರು ಸಹೋದರಿಯರು ಇದ್ದ ತುಂಬಿದ ಮನೆತನವದು. ತಂದೆಯವರಿಗೆ ಸಂಗೀತದಲ್ಲಿ ಬಹಳ ಆಸಕ್ತಿಯಿದ್ದಿತು. ಮನೆತನದಲ್ಲಿ ಗಾಯನವನ್ನೇ ವೃತ್ತಿಯಾಗಿ ಮಾಡಿದ ಪರಂಪರೆಯು ಇಲ್ಲದಿದ್ದರೂ ಗಾಯನವನ್ನು ಆದರಿಸುವ ಮನಸ್ಸಿದ್ದಿತು. ಬೀಜವು ಮೊಳೆಯುವದಕ್ಕೆ ಇಷ್ಟು ಹಸಿಯು ಸಾಕಾಯಿತು.

ಆ ಕಾಲದಲ್ಲಿ ಉತ್ತರ ಕರ್ನಾಟಕದ ಊರೂರುಗಳಲ್ಲಿ ಸಂಗೀತ ನಾಟಕ ಮಂಡಳಿಗಳ ವೈಭವವು ಬಹಳವಾಗಿದ್ದಿತು. ಮರಾಠಿ ರಂಗಭೂಮಿಯ ನಾಟ್ಯಗೀತಗಳ ಪ್ರಭಾವದಿಂದ ಕನ್ನಡ ಮಂಡಳಿಗಳಲ್ಲಿಯೂ ಪದಗಳೇ ಮುಖ್ಯವಾಗಿ, ಹಾಡಲರಿಯದವನಿಗೆ ಪಾತ್ರವಿಲ್ಲವೆಂಬ ಸ್ಥಿತಿಯಿದ್ದಿತು. ಧ್ವನಿವರ್ಧಕ ಯಂತ್ರಗಳಿಲ್ಲದ ಆ ದಿನಗಳಲ್ಲಿ ನಟನು ತಗಡಿನ ಮರೆಯೊಳಗೆ ಕೂಡಿದ ಜನಸಮೂಹದ ಕಟ್ಟಕಡೆಯ ಸಾಲಿನವನಿಗೂ ಕೇಳುವಂತೆ ತುಂಬುಗಂಠದಿಂದ ಹಾಡಬೇಕಾಗುತ್ತಿದ್ದಿತು. ಮಲ್ಲಿಕಾರ್ಜುನರ ಅಣ್ಣಂದಿರಾದ ಬಸವರಾಜರು ನಾಟಕ ಮಂಡಳಿಯೊಂದನ್ನು ನಡೆಯಿಸುತ್ತಿದ್ದರು. ಹೀಗಾಗಿ ಬಾಲಕ ಮಲ್ಲಿಕಾರ್ಜುನರು 9ನೆಯ ವಯಸ್ಸಿನಲ್ಲಿಯೇ ಚಿಕ್ಕದೊಂದು ಪಾತ್ರದಿಂದ ರಂಗಭೂಮಿಯನ್ನು ಹತ್ತಿದರು. ಶಾಲೆಯ ಓದು ಅಷ್ಟಕ್ಕೇ ನಿಂತಿತೆನ್ನಬಹುದು. ಆದರೆ ಸಾವಿರ ಕಿವಿಗಳ ಮುಂದೆ ಅಂಜದೆ ಸ್ವರವನ್ನು ನಿಲ್ಲಿಸುವ ವಿದ್ಯೆಯು ಆ ಬಾಲಕರಿಗೆ ರಂಗಭೂಮಿಯಿಂದಲೇ ದೊರೆಯಿತು.

ಈ ಮಗುವಿನ ಕಂಠದಲ್ಲಿಯ ವಿಶೇಷವನ್ನು ಮೊದಲು ಗುರುತಿಸಿದವರು ಅಪ್ಪಯ್ಯ ಸ್ವಾಮಿಗಳು. ಇವರು ಕರ್ನಾಟಕ ಸಂಗೀತವನ್ನು ಬಲ್ಲವರಾಗಿ ಪಿಟೀಲು ವಾದನದಲ್ಲಿ ಪ್ರವೀಣರಾಗಿದ್ದರು. ಸ್ವರಜ್ಞಾನ, ಲಯಜ್ಞಾನಗಳ ಮೊದಲ ಪಾಠಗಳು ಇವರಿಂದಲೇ ಆದವು. ಮುಂದೆ ಮಿರಜಿನ ನೀಲಕಂಠಬುವಾ ಆಲೂರಮಠ ಇವರ ದೃಷ್ಟಿಗೆ ಈ ಬಾಲಕರು ಬಿದ್ದರು. ನೀಲಕಂಠಬುವಾ ಅವರು ಗ್ವಾಲಿಯರ ಗಾಯನ ಪರಂಪರೆಯನ್ನು ದಕ್ಷಿಣಕ್ಕೆ ತಂದ ಬಾಲಕೃಷ್ಣಬುವಾ ಇಚಲಕರಂಜೀಕರರ ಶಿಷ್ಯವರ್ಗದವರು. ಹಿಂದುಸ್ತಾನೀ ಪದ್ಧತಿಯಲ್ಲಿ ಈ ಬಾಲಕನು ಬೆಳೆಯಬೇಕೆಂದು ಅವರಿಗೆ ತೋರಿತು. ಇಲ್ಲಿ ಭಕ್ತರು ಲಕ್ಷಿಸಬೇಕಾದ ಸಂಗತಿಯೊಂದಿರುವದು. ತಾನು ತಿದ್ದಿದ ಶಿಷ್ಯನು ಮತ್ತೊಬ್ಬರ ಬಳಿಗೆ, ಅದೂ ಬೇರೊಂದು ಪದ್ಧತಿಯ ವಿದ್ವಾಂಸರ ಬಳಿಗೆ, ಹೋಗುವದನ್ನು ಎಲ್ಲ ಗುರುಗಳೂ ಸಹಿಸಲಾರರು. ಅಪ್ಪಯ್ಯ ಸ್ವಾಮಿಗಳು ಅದಕ್ಕೆ ಅಡ್ಡಬರಲಿಲ್ಲ. ಶಿಷ್ಯನ ಶ್ರೇಯಸ್ಸನ್ನು ತಮ್ಮ ಅಭಿಮಾನಕ್ಕಿಂತ ಮೇಲೆಂದೆಣಿಸಿದ ಈ ಔದಾರ್ಯವು ಇಲ್ಲದಿದ್ದಲ್ಲಿ ಮುಂದಿನ ಚರಿತ್ರೆಯೇ ಇರುತ್ತಿರಲಿಲ್ಲ.

ಮಿರಜಿನಲ್ಲಿ ಗುರುಸೇವೆಯನ್ನು ಮಾಡುತ್ತ ಮಲ್ಲಿಕಾರ್ಜುನರು ಹಲವು ವರ್ಷ ಕಲಿತರು. ಗ್ವಾಲಿಯರ ಪದ್ಧತಿಯು ಹಿಂದುಸ್ತಾನೀ ಖಯಾಲ ಗಾಯನದ ಘರಾಣೆಗಳಲ್ಲಿ ಬಹು ಪ್ರಾಚೀನವಾದದ್ದು. ರಾಗದ ಸ್ವರೂಪವು ಮೊದಲ ಸ್ವರಸಮೂಹದಲ್ಲಿಯೇ ತೆರೆದುಕೊಳ್ಳುವದು, ಚೀಜಿನ ಸ್ಥಾಯಿ ಅಂತರೆಗಳು ಕಟ್ಟುನಿಟ್ಟಾಗಿರುವದು, ತಾನಗಳು ನೇರವಾಗಿಯೂ ತೇಜಸ್ವಿಯಾಗಿಯೂ ಇರುವದು, ಇವು ಆ ಪದ್ಧತಿಯ ಲಕ್ಷಣಗಳು. ನೀಲಕಂಠಬುವಾ ಅವರು ಈ ಅಡಿಪಾಯವನ್ನು ಶಿಷ್ಯನ ಕಂಠದಲ್ಲಿ ಭದ್ರವಾಗಿ ಹಾಕಿದರು. ಇದೇ ಗುರುಗಳಿಂದ ಮುಂದೆ ಬಸವರಾಜ ರಾಜಗುರುಗಳೂ ಪಾಠವನ್ನು ಹೊಂದಿದರೆಂಬದನ್ನು ನೆನೆದಲ್ಲಿ, ನಾಡಿನ ಸಂಗೀತಕ್ಕೆ ಆ ಒಬ್ಬ ಗುರುವಿನಿಂದ ಆದ ಉಪಕಾರವು ಎಷ್ಟೆಂಬದು ತಿಳಿದೀತು.

ಗ್ವಾಲಿಯರ ಪದ್ಧತಿಯಲ್ಲಿ ನುರಿತ ಮಲ್ಲಿಕಾರ್ಜುನರ ಕೀರ್ತಿಯು ತಾರುಣ್ಯದಲ್ಲಿಯೇ ಹಬ್ಬಿತು. ಹಿಸ್ ಮಾಸ್ಟರ್ಸ್ ವಾಯ್ಸ್ ಕಂಪನಿಯವರು ಅವರ ಗಾಯನದ ಮುದ್ರಿಕೆಗಳನ್ನು ಹೊರತಂದರು. ಮೂರು ಮೂರೂವರೆ ನಿಮಿಷಗಳ ಆ ಮುದ್ರಿಕೆಗಳು ಕರ್ನಾಟಕ ಮಹಾರಾಷ್ಟ್ರಗಳ ಮನೆಮನೆಗಳಲ್ಲಿ ಕೇಳಬಂದವು. ಹೆಸರು ಬಂದಿತು, ಆಮಂತ್ರಣಗಳೂ ಬಂದವು. ಇಂಥ ಸಮಯದಲ್ಲಿ ಸಾಮಾನ್ಯನು ಕಲಿಯುವದನ್ನು ನಿಲ್ಲಿಸಿ ಗಳಿಸುವದನ್ನು ಹಿಡಿಯುವನು. ಮಲ್ಲಿಕಾರ್ಜುನರು ಹಾಗೆ ಮಾಡಲಿಲ್ಲ. ತಮ್ಮ ಗಾಯನಕ್ಕೆ ಇನ್ನೂ ದೊರೆಯದ ಯಾವದೋ ಒಂದು ಆಳವಿರುವದೆಂದು ಅವರ ಅಂತರಂಗವು ಹೇಳುತ್ತಿದ್ದಿತು. ಆ ಆಳವನ್ನು ಹುಡುಕುತ್ತ ಅವರು ಮುಂಬಯಿಯಲ್ಲಿ ಮತ್ತೊಮ್ಮೆ ವಿದ್ಯಾರ್ಥಿಯಾಗಿ ಕುಳಿತರು.

ಆ ಕಾಲದ ಹಿಂದುಸ್ತಾನೀ ಗಾಯಕರಲ್ಲಿ ಉಸ್ತಾದ ಅಲ್ಲಾದಿಯಾಖಾನ ಸಾಹೇಬರ ಸ್ಥಾನವು ಬಹು ಎತ್ತರದ್ದು. 1855ರಲ್ಲಿ ಜನಿಸಿದ ಇವರ ಮನೆತನದ ಮೂಲವು ಅತ್ರೌಲಿಯಲ್ಲಿದ್ದು, ಜಯಪುರ ಸೀಮೆಯಲ್ಲಿ ಬೆಳೆದುದರಿಂದ ಇವರ ಪದ್ಧತಿಗೆ ಜಯಪುರ ಅತ್ರೌಲಿ ಘರಾಣೆಯೆಂಬ ಹೆಸರಾಯಿತು. ತಾರುಣ್ಯದಲ್ಲಿ ಅತಿಯಾಗಿ ಹಾಡಿದ್ದರಿಂದ ಇವರ ಕಂಠವು ಕೆಟ್ಟುಹೋಯಿತೆಂದೂ, ಒಡೆದ ಆ ಕಂಠಕ್ಕೆ ಸಲ್ಲುವಂತೆ ವಕ್ರಗತಿಯ ಸ್ವರಗಳಿಂದ ಹೊಸದೊಂದು ಗಾಯನಕ್ರಮವನ್ನು ಇವರು ಕಟ್ಟಿದರೆಂದೂ ಸಂಗೀತಜ್ಞರು ಹೇಳುವರು. ನಷ್ಟವನ್ನೇ ಸಿದ್ಧಿಯಾಗಿ ಮಾರ್ಪಡಿಸಿದ ತಪಸ್ಸದು. ಕೊಲ್ಹಾಪುರದ ಶಾಹು ಮಹಾರಾಜರ ಆಶ್ರಯದಲ್ಲಿ ಇವರು ಬಹುಕಾಲವಿದ್ದರು. ಭಾಸ್ಕರಬುವಾ ಬಖಲೆ, ಕೇಸರಬಾಯಿ ಕೇರಕರ, ಮೋಗೂಬಾಯಿ ಕುರ್ಡೀಕರ ಮೊದಲಾದವರು ಇವರ ಶಿಷ್ಯರು. ಮಲ್ಲಿಕಾರ್ಜುನರು ಈ ವೃದ್ಧ ಉಸ್ತಾದರ ಸನ್ನಿಧಿಗೆ ಬಂದಾಗ, ಅವರು ತಮ್ಮ ಮಗನಾದ ಮಂಜಿಖಾನರ ಕೈಗೆ ಇವರನ್ನು ಒಪ್ಪಿಸಿದರು. ಮಂಜಿಖಾನರ ನಿಜನಾಮವು ಬದ್ರುದ್ದೀನ ಎಂದಿದ್ದಿತು.

ಮಂಜಿಖಾನರ ಗಾಯನದಲ್ಲಿ ತಂದೆಯ ಜಟಿಲವಾದ ಸ್ವರವಿನ್ಯಾಸದೊಡನೆ ಭಾವದ ಮಾರ್ದವವೂ ಕೂಡಿದ್ದಿತು. ಶಿಷ್ಯನಿಗೆ ಗುರುವೂ, ಗುರುವಿಗೆ ಶಿಷ್ಯನೂ ಮೆಚ್ಚಿಗೆಯಾದರು. ಗುರುವು ಮುಸಲ್ಮಾನ ಮನೆತನದವನು, ಶಿಷ್ಯನು ಇಷ್ಟಲಿಂಗಧಾರಿ. ಇಬ್ಬರ ನಡುವೆ ವಿದ್ಯೆಯ ಸಂಬಂಧಕ್ಕೆ ಇದು ಎಳ್ಳಷ್ಟೂ ಅಡ್ಡಿಯಾಗಲಿಲ್ಲ. ಗುರುವಿನ ಕುಲವನ್ನು ಕೇಳದೆ ಅರಿವನ್ನೇ ಗುರುವೆಂದು ತಿಳಿದ ಶರಣರ ಮಾರ್ಗದಲ್ಲಿ ಬೆಳೆದ ಮಲ್ಲಿಕಾರ್ಜುನರಿಗೆ ಇದು ಸಹಜವಾಗಿಯೇ ಬಂದಿತೆನ್ನಬೇಕು. ಮೊದಲು ಕಲಿತ ಗ್ವಾಲಿಯರ ಪದ್ಧತಿಯ ಹಲವು ಅಭ್ಯಾಸಗಳನ್ನು ತಿದ್ದಿಕೊಳ್ಳಬೇಕಾಯಿತು. ಮೆಚ್ಚುಗೆಯನ್ನು ಪಡೆದ ತಾನಗಳನ್ನು ಬದಿಗಿರಿಸಿ ಹೊಸ ತಾನಗಳನ್ನು ಕಂಠಕ್ಕೆ ಹೊಂದಿಸಬೇಕಾಯಿತು. ಕೀರ್ತಿಯನ್ನು ಪಡೆದ ಬಳಿಕ ಮತ್ತೆ ಮೊದಲಿನಿಂದ ಕಲಿಯುವದೆಂದರೆ ಕಟ್ಟಿದ ಮನೆಯನ್ನು ಕೆಡವಿ ಅಡಿಗಲ್ಲಿನಿಂದ ಕಟ್ಟಿದಂತೆಯೇ ಸರಿ.

ಇಂಥ ಅಭ್ಯಾಸವು ಸಾಗಿರುವಾಗಲೇ ದೈವವು ಪ್ರತಿಕೂಲವಾಯಿತು. 1937ರಲ್ಲಿ ಮಂಜಿಖಾನರು ಅಕಾಲದಲ್ಲಿ ತೀರಿಕೊಂಡರು. ಆಗ ಮಲ್ಲಿಕಾರ್ಜುನರಿಗೆ 26 ವರ್ಷ. ವಿದ್ಯೆಯ ಬಾಗಿಲು ತೆರೆದು ಒಳಗಿನ ದೀಪವು ಕಾಣುವಷ್ಟರಲ್ಲಿ ಬಾಗಿಲು ಮುಚ್ಚಿದಂತಾಯಿತು. ಇತ್ತ ಬಿಟ್ಟುಬಂದ ಹಳೆಯ ಪದ್ಧತಿಗೆ ಹಿಂದಿರುಗುವಂತಿಲ್ಲ. ಅತ್ತ ಹೊಸ ಪದ್ಧತಿಯು ಪೂರ್ತಿಯಾಗಿ ಕೈಗೆ ಬಂದಿಲ್ಲ. ಗಾಯಕನ ಜೀವನದಲ್ಲಿ ಇದಕ್ಕಿಂತ ಕಠಿಣವಾದ ಗಳಿಗೆಯು ಬೇರೊಂದಿಲ್ಲ. ಎಷ್ಟೋ ಪ್ರತಿಭಾವಂತರು ಇಂಥ ಗಳಿಗೆಯಲ್ಲಿಯೇ ದಾರಿ ತಪ್ಪಿ, ಅರೆಗಲಿತ ವಿದ್ಯೆಯನ್ನೇ ಮಾರಿಕೊಂಡು ಬಾಳಿದ್ದಾರೆ. ಮಲ್ಲಿಕಾರ್ಜುನರು ದುಃಖದಲ್ಲಿಯೂ ಆ ಪರಂಪರೆಯ ಹೊಸ್ತಿಲನ್ನು ಬಿಡಲಿಲ್ಲ. ಅಲ್ಲಾದಿಯಾಖಾನರ ಕಿರಿಯ ಮಗನಾದ ಭೂರ್ಜಿಖಾನರು, ಅಂದರೆ ಶಮ್ಸುದ್ದೀನಖಾನರು, ಅವರ ಭಾರವನ್ನು ವಹಿಸಿಕೊಂಡರು.

ಭೂರ್ಜಿಖಾನರು ಸಭೆಗಳಲ್ಲಿ ಹಾಡುವದಕ್ಕಿಂತ ಕಲಿಸುವದರಲ್ಲಿಯೇ ಹೆಸರಾದವರು. ತಂದೆಯವರು ಕಟ್ಟಿದ ಅಪೂರ್ವ ರಾಗಗಳ, ಜೋಡುರಾಗಗಳ ಭಾಂಡಾರವು ಅವರ ಬಳಿಯಲ್ಲಿದ್ದಿತು. ಅದನ್ನು ಅವರು ಮುಚ್ಚಿಡದೆ ಶಿಷ್ಯನಿಗೆ ಧಾರೆಯೆರೆದರು. ಒಂದು ರಾಗದ ಒಂದೇ ಸ್ವರಸಂಗತಿಯನ್ನು ದಿನಗಟ್ಟಲೆ ಹಾಡಿಸಿ, ಅದು ಕಂಠದಲ್ಲಿ ನಿಂತಿತೆಂದು ಖಾತ್ರಿಯಾದ ಬಳಿಕವೇ ಮುಂದಿನದಕ್ಕೆ ಹೋಗುವದು ಆ ಪರಂಪರೆಯ ಕ್ರಮ. 1946ರಲ್ಲಿ ಅಲ್ಲಾದಿಯಾಖಾನರೂ 1950ರಲ್ಲಿ ಭೂರ್ಜಿಖಾನರೂ ತೀರಿಕೊಂಡರು. ಅಷ್ಟರೊಳಗೆ ಆ ವಿದ್ಯೆಯು ಧಾರವಾಡದ ಈ ಒಕ್ಕಲಿಗನ ಮಗನ ಕಂಠದಲ್ಲಿ ಬೇರೂರಿದ್ದಿತು. ಅಪ್ಪಯ್ಯ ಸ್ವಾಮಿಗಳು, ನೀಲಕಂಠಬುವಾ, ಮಂಜಿಖಾನರು, ಭೂರ್ಜಿಖಾನರು, ಈ ನಾಲ್ವರು ಗುರುಗಳ ಕಾರುಣ್ಯವು ಸೇರಿ ಒಬ್ಬ ಮಲ್ಲಿಕಾರ್ಜುನ ಮನಸೂರರು ಆದರು.

ಅವರ ಗಾಯನದ ಲಕ್ಷಣವನ್ನು ಸಂಗೀತವನ್ನು ಶಾಸ್ತ್ರವಾಗಿ ಓದದ ಭಕ್ತರಿಗೂ ತಿಳಿಯುವಂತೆ ಹೇಳಬೇಕಾಗಿರುವದು. ಜಯಪುರ ಪದ್ಧತಿಯವರು ವಿಲಂಬಿತ ಖಯಾಲವನ್ನು ಅತಿ ನಿಧಾನದಲ್ಲಿ ಹಾಡುವದಿಲ್ಲ. ತಾಳದ ನಡಿಗೆಯು ಕೇಳುವವನ ಮನಸ್ಸಿನಲ್ಲಿ ಎಡೆಬಿಡದೆ ನಡೆಯುವಂತೆ ಲಯವನ್ನು ಮಧ್ಯಮಗತಿಯಲ್ಲಿ ಇಡುವರು. ಸ್ವರಗಳ ಹೆಸರುಗಳನ್ನು ಹಿಡಿದು ಸರಿಗಮ ಮಾಡುವದು ಆ ಪದ್ಧತಿಯಲ್ಲಿ ರೂಢಿಯಲ್ಲಿಲ್ಲ. ಆಕಾರದಲ್ಲಿಯೇ ಆಲಾಪವೂ ತಾನವೂ ನಡೆಯುವವು. ಮನಸೂರರು ಒಂದು ಉಸಿರಿಗೆ ಹಿಡಿದ ಸ್ವರಮಾಲೆಯು ಬಳ್ಳಿಯಂತೆ ಸುತ್ತಿ ಸುತ್ತಿ, ಎಲ್ಲಿಗೆ ಹೋಗುವದೋ ಎಂದು ಕೇಳುವವನು ಬೆರಗಾಗುವಷ್ಟರಲ್ಲಿ, ತಾಳದ ಸಮಕ್ಕೆ ನೆಟ್ಟಗೆ ಬಂದು ಸೇರುತ್ತಿದ್ದಿತು. ಆಮೇಲೆ ಬಿಡುವಿಲ್ಲ, ಆ ಸಮದಿಂದಲೇ ಮತ್ತೊಂದು ಮಾಲೆಯು ಹೊರಡುತ್ತಿದ್ದಿತು. ಗಾಯಕನು ರಾಗವನ್ನು ಹಾಡುತ್ತಿರುವನೋ, ರಾಗವೇ ಗಾಯಕನನ್ನು ಹಾಡಿಸುತ್ತಿರುವದೋ ಎಂಬ ಭೇದವು ಅಳಿದುಹೋಗುವಂತೆ ಅವರು ತನ್ಮಯರಾಗುತ್ತಿದ್ದರು. ಅಂಗಲಿಂಗಸಾಮರಸ್ಯವೆಂದು ನಮ್ಮ ಶಾಸ್ತ್ರಗಳು ಹೇಳುವ ಸ್ಥಿತಿಯನ್ನು ಭಕ್ತರು ಅವರ ಗಾಯನದಲ್ಲಿ ಕಂಡರೆ ಆಶ್ಚರ್ಯವಲ್ಲ.

ಅವರ ಮತ್ತೊಂದು ಹಿರಿಮೆಯು ವಿರಳ ರಾಗಗಳ ರಕ್ಷಣೆ. ಶುದ್ಧನಟ, ಹೇಮನಟ, ಲಚ್ಛಾಸಾಖ, ಖಟ, ಶಿವಮತ ಭೈರವ, ಅಸಾಜೋಗಿಯಾ, ಬಿಹಾರಿ, ಬಹಾದುರಿ ತೋಡಿ, ಏಕನಿಷಾದ ಬಿಹಾಗಡಾ, ಇಂಥ ರಾಗಗಳ ಹೆಸರುಗಳನ್ನು ಕೇಳಿದವರೇ ವಿರಳರು. ಅವನ್ನು ಸಭೆಯಲ್ಲಿ ಹಾಡುವವರು ಇನ್ನೂ ವಿರಳರು. ಒಂದು ರಾಗಕ್ಕೆ ಬಹು ಹತ್ತಿರದ ನೆಂಟನಾದ ಮತ್ತೊಂದು ರಾಗವಿರುವಾಗ, ಒಂದರ ಅಂಗಳದಿಂದ ಇನ್ನೊಂದರ ಅಂಗಳಕ್ಕೆ ಕಾಲಿಡದೆ ಗಂಟೆಗಟ್ಟಲೆ ಹಾಡುವದೆಂದರೆ ಕೂದಲಿನ ಸೇತುವೆಯ ಮೇಲೆ ನಡೆದಂತೆ. ಮನಸೂರರು ಇದನ್ನು ಪ್ರಯಾಸವೆಂದು ತೋರಗೊಡದೆ, ಯಮನ ಭೈರವಗಳನ್ನು ಹಾಡುವಷ್ಟು ಸಲೀಲವಾಗಿ ಹಾಡುತ್ತಿದ್ದರು. ಹೀಗೆ ಮರೆಯಾಗಬಹುದಾಗಿದ್ದ ಎಷ್ಟೋ ರಾಗಗಳು ಅವರ ಕಂಠದಿಂದ ಮುಂದಿನವರಿಗೆ ದೊರೆತವು.

ನಮ್ಮ ಸಮಾಜಕ್ಕೆ ಅವರಿಂದಾದ ವಿಶೇಷ ಉಪಕಾರವು ವಚನಗಾಯನದಿಂದ ಆದದ್ದು. 12ನೆಯ ಶತಮಾನದ ಶರಣರ ವಚನಗಳು ಫ. ಗು. ಹಳಕಟ್ಟಿಯವರಂಥವರ ಪರಿಶ್ರಮದಿಂದ ಓಲೆಗರಿಗಳಿಂದ ಅಚ್ಚಿಗೆ ಬಂದು ಜನರ ಕೈಸೇರಿದವು. ಆದರೆ ಅಚ್ಚಾದ ವಚನವು ಓದುಬಲ್ಲವನಿಗೆ ಮಾತ್ರ ದೊರೆಯುವದು. ಹಾಡಿದ ವಚನವು ಓದುಬಾರದವನ ಹೃದಯಕ್ಕೂ ಇಳಿಯುವದು. ವಚನಕ್ಕೆ ಪದ್ಯದಂತೆ ಮಾತ್ರೆ ಗಣಗಳ ಕಟ್ಟಿಲ್ಲ. ಸಾಲುಗಳು ಒಮ್ಮೆ ಉದ್ದ, ಒಮ್ಮೆ ಗಿಡ್ಡ. ಇದನ್ನು ಆವರ್ತಿಸುವ ತಾಳದಲ್ಲಿ ಕೂಡ್ರಿಸುವಾಗ ಮಾತಿನ ಒತ್ತು ತಪ್ಪಿದರೆ ಅರ್ಥವೇ ಕೆಡುವದು; ರಾಗವು ಅತಿಯಾದರೆ ಅನುಭಾವವು ಮರೆಯಾಗಿ ಪಾಂಡಿತ್ಯವು ಮಾತ್ರ ಉಳಿಯುವದು. ಗದುಗಿನಲ್ಲಿ ಅಂಧ ಅನಾಥರಿಗೆ ಗಾನವಿದ್ಯೆಯನ್ನು ದಾನಮಾಡಿದ ಪಂಚಾಕ್ಷರ ಗವಾಯಿಗಳವರು (1892–1944) ಈ ಮಾರ್ಗದಲ್ಲಿ ನಡೆದವರು. ಮನಸೂರರು ತಮ್ಮ ಶಾಸ್ತ್ರೀಯ ಗಾಯನದ ಸಂಪತ್ತನ್ನೆಲ್ಲ ವಚನದ ಸೇವೆಗೆ ತಂದರು. ಅಕ್ಕಮಹಾದೇವಿಯ ವಚನವನ್ನು ಅವರು ಹಾಡುವಾಗ ಪ್ರತಿಯೊಂದು ಶಬ್ದವೂ ತನ್ನ ಅರ್ಥದೊಡನೆ ಎದ್ದು ನಿಲ್ಲುತ್ತಿದ್ದಿತು. ಉತ್ತರ ಹಿಂದುಸ್ತಾನದ ಸಭೆಗಳಲ್ಲಿ, ಕನ್ನಡವನ್ನರಿಯದ ಶ್ರೋತೃಗಳ ಮುಂದೆ, ಶರಣರ ವಾಣಿಯು ಅವರ ಕಂಠದಿಂದ ಕೇಳಿಬಂದಿತು.

ಲೌಕಿಕದಲ್ಲಿ ಅವರ ಜೀವನವು ಬಹು ಸರಳವಾದದ್ದು. ಪತ್ನಿಯರು ಗಂಗಮ್ಮನವರು. ಏಳು ಮಂದಿ ಹೆಣ್ಣುಮಕ್ಕಳು, ಒಬ್ಬ ಗಂಡುಮಗ, ಇಷ್ಟು ದೊಡ್ಡ ಸಂಸಾರದ ಭಾರವನ್ನು ಗಾಯನದಿಂದಲೇ ಹೊರಬೇಕಾಗಿದ್ದಿತು. ದೊಡ್ಡ ಪಟ್ಟಣಗಳಲ್ಲಿ ನೆಲಸಿದ್ದರೆ ಧನವೂ ಪ್ರಸಿದ್ಧಿಯೂ ಬೇಗನೆ ಬರಬಹುದಾಗಿದ್ದಿತು. ಆದರೂ ಅವರು ಧಾರವಾಡವನ್ನು ಬಿಡಲಿಲ್ಲ. ಅಲ್ಲಿಯ ತಮ್ಮ ಮನೆಗೆ ಮೃತ್ಯುಂಜಯವೆಂದು ಶಿವನ ಹೆಸರಿಟ್ಟರು. ಹಿಸ್ ಮಾಸ್ಟರ್ಸ್ ವಾಯ್ಸ್ ಕಂಪನಿಯಲ್ಲಿ ಸಂಗೀತ ನಿರ್ದೇಶಕರಾಗಿಯೂ, ಮುಂದೆ 1950ರಲ್ಲಿ ಪ್ರಾರಂಭವಾದ ಧಾರವಾಡ ಆಕಾಶವಾಣಿ ಕೇಂದ್ರದಲ್ಲಿ ಸಂಗೀತ ಸಲಹೆಗಾರರಾಗಿಯೂ ಕೆಲಸ ಮಾಡಿದರು. ಧೋತರ, ಅಂಗಿ, ತಲೆಯ ಮೇಲೊಂದು ಟೊಪ್ಪಿಗೆ, ಇದೇ ಅವರ ವೇಷ. ಗಾನವು ಅವರಿಗೆ ಕಾಯಕವಾಗಿದ್ದಿತು. ಆ ಕಾಯಕದಲ್ಲಿ ಬಂದುದನ್ನು ಪ್ರಸಾದವೆಂದು ಸ್ವೀಕರಿಸಿ ತೃಪ್ತರಾಗಿದ್ದರು.

ಸರಕಾರದ ದೊಡ್ಡ ಮನ್ನಣೆಗಳು ಬಂದ ಕಾಲವನ್ನು ಭಕ್ತರು ಗಮನಿಸಬೇಕು. ಪದ್ಮಶ್ರೀ ಪ್ರಶಸ್ತಿಯು 1970ರಲ್ಲಿ ಬಂದಿತು. ಆಗ ಅವರಿಗೆ 59 ವರ್ಷ ತುಂಬಿದ್ದಿತು. ಸಂಗೀತ ನಾಟಕ ಅಕಾಡೆಮಿಯ ಪ್ರಶಸ್ತಿಯು 1971ರಲ್ಲಿ, ಪದ್ಮಭೂಷಣವು 1976ರಲ್ಲಿ, ಅಕಾಡೆಮಿಯ ಪರಮೋಚ್ಚ ಗೌರವವಾದ ಫೆಲೋಶಿಪ್ಪು 1982ರಲ್ಲಿ ಬಂದವು. ಮಧ್ಯಪ್ರದೇಶ ಸರಕಾರದವರು ಕಾಳಿದಾಸ ಸಮ್ಮಾನವನ್ನಿತ್ತರು. ಪದ್ಮವಿಭೂಷಣವು 1992ರಲ್ಲಿ, ಅಂದರೆ ಅವರು ಲಿಂಗೈಕ್ಯರಾದ ವರ್ಷದಲ್ಲಿಯೇ ಬಂದಿತು. 9ನೆಯ ವಯಸ್ಸಿನಲ್ಲಿ ರಂಗವನ್ನು ಹತ್ತಿದ ಬಾಲಕನಿಗೆ ದೇಶದ ಮೊದಲ ದೊಡ್ಡ ಮನ್ನಣೆಯು ದೊರೆಯಲು 50 ವರ್ಷಗಳು ಹಿಡಿದವು. ಆ 50 ವರ್ಷಗಳಲ್ಲಿ ಅವರನ್ನು ನಿಲ್ಲಿಸಿದ್ದು ಗುರುಗಳ ಕೃಪೆ, ಮನೆಯವರ ಸಹನೆ, ಊರವರ ಅಭಿಮಾನ, ಮತ್ತು ಅವರ ಸ್ವಂತ ನಿಷ್ಠೆ. ಈ ನಾಲ್ಕರಲ್ಲಿ ಒಂದು ತಪ್ಪಿದ್ದರೂ ಕಥೆಯು ಬೇರೆಯಾಗುತ್ತಿದ್ದಿತು.

ತಮ್ಮ ಜೀವನವನ್ನು ಅವರು ನನ್ನ ರಸಯಾತ್ರೆಯೆಂಬ ಗ್ರಂಥದಲ್ಲಿ ನಿರೂಪಿಸಿದ್ದಾರೆ. ಅವರ ಪುತ್ರರೂ ಶಿಷ್ಯರೂ ಆದ ರಾಜಶೇಖರ ಮನಸೂರರು ಇದನ್ನು ಇಂಗ್ಲೀಷಿಗೆ ಪರಿವರ್ತಿಸಿ 2005ರಲ್ಲಿ ಪ್ರಕಟಿಸಿದರು. 1992ನೆಯ ವರ್ಷವು ಕರ್ನಾಟಕದ ಸಂಗೀತಕ್ಕೆ ಬಹು ಕ್ರೂರವಾದದ್ದು. ಬೆಳಗಾವಿ ಸೀಮೆಯಲ್ಲಿ ಜನಿಸಿ ದೇವಾಸದಲ್ಲಿ ನೆಲಸಿದ್ದ ಕುಮಾರ ಗಂಧರ್ವರು, ಅಂದರೆ ಶಿವಪುತ್ರ ಸಿದ್ದರಾಮಯ್ಯ ಕೊಂಕಾಳಿಮಠರು, ಜನೇವರಿ 12ರಂದು ತೀರಿಕೊಂಡರು. ಅದೇ ವರ್ಷದ ಸಪ್ಟೆಂಬರ 12ರಂದು ಮಲ್ಲಿಕಾರ್ಜುನ ಮನಸೂರರು ತಮ್ಮ 81ನೆಯ ವಯಸ್ಸಿನಲ್ಲಿ ಧಾರವಾಡದಲ್ಲಿ ಲಿಂಗೈಕ್ಯರಾದರು. ವ್ಯಾಧಿಯು ದೇಹವನ್ನು ಹಣ್ಣುಮಾಡಿದ್ದರೂ ಗಾಯನವು ಕೊನೆಯ ಕಾಲದವರೆಗೆ ಅವರನ್ನು ಬಿಟ್ಟಿರಲಿಲ್ಲ.

ಅವರು ಬಾಳಿದ ಮನೆಯು ಇಂದು ಸ್ಮಾರಕವಾಗಿರುವದು. ಭಾರತದ ಅಂಚೆ ಇಲಾಖೆಯವರು 2014ರಲ್ಲಿ ಹೊರತಂದ ಸಂಗೀತಗಾರರ ಅಂಚೆಚೀಟಿಗಳಲ್ಲಿ ಅವರ ಚಿತ್ರವೂ ಸೇರಿತು. ತಂದೆಯ ಗಾಯನವನ್ನು ಮುಂದುವರಿಸಿದ ರಾಜಶೇಖರ ಮನಸೂರರು 2022ರಲ್ಲಿ ತೀರಿಕೊಂಡರು. ಹೀಗೆ ಹಿರಿಯರ ತಲೆಮಾರುಗಳು ಒಂದೊಂದಾಗಿ ಸರಿಯುತ್ತಿರುವಾಗ, ಆ ರಾಗಗಳನ್ನು ಯಾರು ಎತ್ತಿಕೊಳ್ಳುವರೆಂಬ ಪ್ರಶ್ನೆಯು ನಮ್ಮ ಮುಂದೆ ನಿಂತಿರುವದು. ಯುವ ಪುರಸ್ಕಾರದ ಮಹತ್ವವು ಇಲ್ಲಿಯೇ ಇರುವದು.

ಪ್ರಾರಂಭದಲ್ಲಿ ಹೇಳಿದ ಶಂಕೆಯನ್ನು ಈಗ ವಿಚಾರಿಸೋಣ. ತರುಣನು ಏನನ್ನು ಸಾಧಿಸಿರುವನೆಂದು ಅವನನ್ನು ಮನ್ನಿಸಬೇಕು? ಮನಸೂರರ ಚರಿತ್ರೆಯನ್ನು ಬಲ್ಲವರು ಈ ಪ್ರಶ್ನೆಯನ್ನು ತಿರುಗಿಸಿ ಕೇಳುವರು. ನಾಟಕ ಮಂಡಳಿಯ ಆ ಬಾಲಕನು ಅಪ್ಪಯ್ಯ ಸ್ವಾಮಿಗಳ ದೃಷ್ಟಿಗೆ ಬಿದ್ದಾಗ ಏನನ್ನು ಸಾಧಿಸಿದ್ದನು? ನೀಲಕಂಠಬುವಾ ಅವರು ಕೈಹಿಡಿದಾಗ ಅವನ ಬಳಿ ಯಾವ ಬಿರುದುಗಳಿದ್ದವು? ಗುರುವನ್ನು ಕಳೆದುಕೊಂಡ 26ರ ತರುಣನನ್ನು ಭೂರ್ಜಿಖಾನರು ಯಾವ ಪ್ರಶಸ್ತಿಪತ್ರವನ್ನು ನೋಡಿ ಅಂಗೀಕರಿಸಿದರು? ಆಗಬಹುದಾದದ್ದನ್ನು ಕಂಡು ಕೈಹಿಡಿಯುವದೇ ಗುರುದೃಷ್ಟಿ. ಆಗಿಹೋದದ್ದನ್ನು ಕಂಡು ಹೊಗಳುವದಕ್ಕೆ ಕಣ್ಣಿದ್ದ ಯಾರಾದರೂ ಸಾಕು. ಯುವ ಪುರಸ್ಕಾರವು ಆ ಗುರುದೃಷ್ಟಿಯ ಕಾರ್ಯವನ್ನು ಸಮಾಜವು ತನ್ನ ಮೇಲೆ ತೆಗೆದುಕೊಂಡುದರ ಕುರುಹಾಗಿರುವದು.

ಆದರೆ ಇದರೊಡನೆ ಎರಡು ಹೊಣೆಗಳು ಬರುವವು. ಮೊದಲನೆಯದು ಪಡೆದವರ ಹೊಣೆ. ಮುದ್ರಿಕೆಗಳಿಂದ ಕೀರ್ತಿ ಬಂದ ಬಳಿಕವೂ ಮನಸೂರರು ಕಲಿಯುವದನ್ನು ಬಿಡಲಿಲ್ಲವೆಂಬದನ್ನು ಪುರಸ್ಕೃತರು ಮರೆಯಬಾರದು. ಇಂದಿನ ಕಾಲದಲ್ಲಿ ಒಂದು ರಾಗದ ನೂರು ಮುದ್ರಿಕೆಗಳು ಕ್ಷಣಮಾತ್ರದಲ್ಲಿ ಕೈಗೆ ದೊರೆಯುವವು. ಅವುಗಳನ್ನು ಕೇಳಿ ಅನುಕರಿಸುವದು ಸುಲಭವು. ಆದರೆ ತಪ್ಪಿದ ಸ್ವರವನ್ನು ತಡೆದು ತಿದ್ದುವ ಗುರುವು ಯಂತ್ರದಲ್ಲಿಲ್ಲ. ಪುರಸ್ಕಾರವು ದೊರೆತ ದಿನವೇ ಕಲಿಕೆಯು ಮುಗಿಯಿತೆಂದು ತಿಳಿದ ತರುಣನು ಆ ಹಿರಿಯರ ಹೆಸರಿಗೆ ಋಣಿಯಾಗಿಯೇ ಉಳಿಯುವನು. ಅದನ್ನು ಗುರುವಿನ ಬಳಿಗೆ ಮತ್ತೆ ಹೋಗುವದಕ್ಕೆ ದೊರೆತ ಬುತ್ತಿಯೆಂದು ತಿಳಿದವನು ಆ ಋಣವನ್ನು ತೀರಿಸುವನು.

ಎರಡನೆಯದು ಕೊಡುವವರ ಮತ್ತು ಕೇಳುವವರ ಹೊಣೆ. ಒಂದು ದಿನ ಶಾಲು ಹೊದಿಸಿ, ಹಣ್ಣುಹಂಪಲ ಕೊಟ್ಟು, ಮರುದಿನ ಆ ತರುಣನ ಹೆಸರನ್ನು ಮರೆತಲ್ಲಿ ಪುರಸ್ಕಾರವು ಉತ್ಸವಕ್ಕೆ ಮಾತ್ರ ಸಂದಿತೇ ಹೊರತು ವಿದ್ಯೆಗೆ ಸಲ್ಲಲಿಲ್ಲ. ಖಯಾಲ ಗಾಯನವು ಹತ್ತು ಹನ್ನೆರಡು ವರ್ಷಗಳ ಅಭ್ಯಾಸವನ್ನು ಬೇಡುವದು. ಆ ವರ್ಷಗಳಲ್ಲಿ ವಿದ್ಯಾರ್ಥಿಗೆ ಅನ್ನ ಬೇಕು, ವಸತಿ ಬೇಕು, ತಂಬೂರಿ ಹಿಡಿದು ಕೂಡ್ರಲು ಶಾಂತವಾದ ಸ್ಥಳವು ಬೇಕು, ತಪ್ಪಿದರೂ ಸಹಿಸಿ ಕೇಳುವ ಶ್ರೋತೃಗಳು ಬೇಕು. ಅನ್ನದಾಸೋಹ, ಅಕ್ಷರದಾಸೋಹಗಳನ್ನು ಶತಮಾನಗಳಿಂದ ನಡೆಯಿಸಿಕೊಂಡು ಬಂದ ಮಠಗಳ ಭಕ್ತರಿಗೆ ಇದು ಹೊಸ ಪಾಠವಲ್ಲ. ಶಿವರಾತ್ರಿಯ ಜಾಗರಣೆಯಲ್ಲಿ, ಶ್ರಾವಣದ ಪುರಾಣದಲ್ಲಿ, ಜಾತ್ರೆಯ ಸಭೆಯಲ್ಲಿ ಒಬ್ಬ ತರುಣ ಗಾಯಕನಿಗೆ ಒಂದು ಗಂಟೆಯ ಕಾಲವನ್ನು ಕೊಟ್ಟು, ಮಾತನಾಡದೆ ಕುಳಿತು ಕೇಳಿದರೆ ಅದೂ ನಾದದಾಸೋಹವೇ. ಊರಿನ ಹುಡುಗನೊಬ್ಬನು, ಹುಡುಗಿಯೊಬ್ಬಳು ಕಲಿಯಬಯಸಿದಾಗ ಈ ವಿದ್ಯೆಯಿಂದ ಹೊಟ್ಟೆ ತುಂಬುವದೇ ಎಂದು ಗದರಿಸದೆ ಗುರುವಿನ ಮನೆಯ ದಾರಿಯನ್ನು ತೋರಿಸಿದರೆ ಅದೂ ಒಂದು ಪುರಸ್ಕಾರವೇ.

ಮನಸೂರ ಗ್ರಾಮದ ಗೌಡರ ಮನೆಯಲ್ಲಿ ಹುಟ್ಟಿದ ಕಂಠವು ಮಿರಜಿನಲ್ಲಿ ತಿದ್ದಿಸಿಕೊಂಡು, ಮುಂಬಯಿ ಕೊಲ್ಹಾಪುರಗಳ ಉಸ್ತಾದರಿಂದ ಪಕ್ವವಾಗಿ, ಮರಳಿ ಧಾರವಾಡದಲ್ಲಿಯೇ ನೆಲಸಿ ನಾಡಿಗೆಲ್ಲ ಬೆಳಕಾಯಿತು. ಅವರನ್ನು ನಾವು ಮತ್ತೆ ಪಡೆಯಲಾರೆವು. ಆದರೆ ಅವರಿಗೆ ದೊರೆತಂಥ ಗುರುಗಳೂ, ಕೈಹಿಡಿಯುವ ಜನರೂ ಇಂದಿನ ಎಳೆಯರಿಗೆ ದೊರೆಯುವಂತೆ ಮಾಡುವದು ನಮ್ಮ ಕೈಯಲ್ಲಿರುವದು. ಅಂಥ ಎಳೆಯ ಕಂಠಗಳಿಗೆ ಪರಶಿವನು ಆಯುರಾರೋಗ್ಯಗಳನ್ನೂ ಗುರುಕಾರುಣ್ಯವನ್ನೂ ದಯಪಾಲಿಸಲಿ; ಅವರನ್ನು ಪೊರೆಯುವ ಬುದ್ಧಿಯನ್ನು ಸದ್ಭಕ್ತರಿಗೆ ಕರುಣಿಸಲಿ ಎಂದು ಪ್ರಾರ್ಥಿಸಿ ಈ ಚರಿತ್ರೆಯನ್ನು ಮುಗಿಸುವೆವು.

ಸರ್ವರಿಗೂ ಮಂಗಳವಾಗಲಿ.